ಪದಚರ್ಚೆ: ಶಸ್ತ್ರಚಿಕಿತ್ಸೆಯ ‘ರಿಜಿಸ್ಟ್ರೇಷನ್’ ನೋಂದಣಿಯಲ್ಲ, ಮತ್ತೇನು?

ಬಲ್ಲವರು ದಾರಿ ತೋರಿಸಬೇಕು.

ಬೆಂಗಳೂರಿನ ವೈದ್ಯಕೀಯ ಕಾಲೇಜೊಂದರಲ್ಲಿ ಶಸ್ತ್ರಚಿಕಿತ್ಸಾ ಕೊಠಡಿಯ ತಂತ್ರಜ್ಞರಿಗಾಗಿ ಕನ್ನಡ ಕೈಪಿಡಿಯೊಂದು ಸಿದ್ಧವಾಗುತ್ತಿದೆ. ಕರಡು ತಿದ್ದುವ ಕೆಲಸ ನನ್ನದು. ಕಣ್ಣೆದುರಿನ ದೃಶ್ಯದ ಮೇಲೆ ಕಂಪ್ಯೂಟರ್ ಬಿಂಬವನ್ನೂ ತೋರಿಸುವ ಆಗ್ಮೆಂಟೆಡ್ ರಿಯಾಲಿಟಿ ಕನ್ನಡಕ ತೊಟ್ಟು ಬೆನ್ನುಮೂಳೆಗೆ ಸ್ಕ್ರೂ ಹಾಕುವುದನ್ನು ಕಿರಿಯ ವೈದ್ಯರಿಗೆ ಕಲಿಸುವಾಗ ಈ ತಂತ್ರಜ್ಞರು ಜೊತೆಗಿರಬೇಕು. ಆಗ್ಮೆಂಟೆಡ್ ರಿಯಾಲಿಟಿಗೆ ‘ವರ್ಧಿತ ವಾಸ್ತವ’ ಎಂಬ ಪದ ಆಗಲೇ ಪತ್ರಿಕೆಗಳಲ್ಲಿ ಓಡಾಡುತ್ತಿದೆ. ನನಗೆ ಅಷ್ಟಾಗಿ ರುಚಿಸದಿದ್ದರೂ ಅದರ ತಂಟೆಗೆ ಹೋಗುವುದಿಲ್ಲ. ತೊಡಕಿರುವುದು ‘ರಿಜಿಸ್ಟ್ರೇಷನ್’ ಎಂಬ ಮಾತಿನಲ್ಲಿ.

ಕರಡಿನ ವಾಕ್ಯ ಹೀಗಿದೆ: “ನೋಂದಣಿ ತಪ್ಪಾದರೆ ಸ್ಕ್ರೂ ಬೆನ್ನುಹುರಿಗೆ ತಾಗಬಹುದು.” ಹೊರರೋಗಿ ಚೀಟಿಯಲ್ಲಿ ಹೆಸರು ತಪ್ಪಿದರೆ ಬೆನ್ನುಹುರಿಗೇ ಸಂಚಕಾರವೇ ಎಂದು ಓದಿದವರು ಹೆದರಿಯಾರು!

ಸಿಟಿ ಸ್ಕ್ಯಾನ್‌ನಿಂದ ರಚಿಸಿದ ಮೂಳೆಯ ಬಿಂಬವು ಕಣ್ಣೆದುರಿನ ಮೂಳೆಯ ಮೇಲೆ ಕರಾರುವಾಕ್ಕಾಗಿ ಬಂದು ನಿಲ್ಲುವಂತೆ ಮಾಡುವುದೇ ಇಲ್ಲಿನ ರಿಜಿಸ್ಟ್ರೇಷನ್. ಇದೇನು ಅಡಿಟಿಪ್ಪಣಿಗೆ ತಳ್ಳುವ ಮಾತಲ್ಲ. ಸಂಶೋಧಕ ರೊನಾಲ್ಡ್ ಅಜುಮಾ 1997ರಲ್ಲಿ ಆಗ್ಮೆಂಟೆಡ್ ರಿಯಾಲಿಟಿಗೆ ಹೇಳಿದ ಮೂರು ಲಕ್ಷಣಗಳಲ್ಲಿ ಇದೂ ಒಂದು. ಎದೆಭಾಗದ ಕೆಲವು ಕಶೇರುಗಳಲ್ಲಿ (ಬೆನ್ನುಮೂಳೆಯ ಬಿಡಿ ಮೂಳೆಗಳಲ್ಲಿ) ಸ್ಕ್ರೂ ಹಾಯಬೇಕಾದ ಪೆಡಿಕಲ್‌ನ, ಅಂದರೆ ಕಶೇರುವಿನ ಮುಂಭಾಗವನ್ನು ಹಿಂಭಾಗಕ್ಕೆ ಕೂಡಿಸುವ ಮೂಳೆಯ ಕಿರುಸೇತುವೆಯ, ಅಗಲವೇ 5 ಮಿಲಿಮೀಟರ್ ಆಸುಪಾಸು. ಬಿಂಬ ಎರಡು ಮಿಲಿಮೀಟರ್ ಸರಿದರೂ ಕೆಲಸ ಕೆಟ್ಟಂತೆಯೇ.

ಅಭ್ಯಾಸ ನಡೆಯುವುದು ಪ್ಲಾಸ್ಟಿಕ್ ಬೆನ್ನುಮೂಳೆಯ ಮೇಲೆ. ಬಿಂಬ ಬಂದು ನಿಂತ ಮೇಲೆ, ಗುರುತು ಗೊತ್ತಿರುವ ಒಂದು ಮೂಳೆಯ ಉಬ್ಬಿಗೆ ಸೂಚಕ ಕಡ್ಡಿಯ ಮೊನೆಯನ್ನು ತಾಗಿಸುತ್ತಾರೆ. ಕೈಗೆ ಮೂಳೆ ಸಿಕ್ಕಿದೆ, ಆದರೆ ಕನ್ನಡಕದಲ್ಲಿ ಮೊನೆ ಬಿಂಬದಿಂದ ಮೇಲೆ ತೇಲುತ್ತಿದೆ ಅಥವಾ ಒಳಗೆ ಹೂತಿದೆ ಎಂದಾದರೆ ಮತ್ತೆ ಮೊದಲಿನಿಂದ. ಬಿಂಬವನ್ನು ನಿಲ್ಲಿಸುವುದು, ಅದು ಸರಿಯಾಗಿ ನಿಂತಿದೆಯೇ ಎಂದು ನೋಡುವುದು ಎಂಬ ಎರಡು ಬೇರೆ ಕ್ರಿಯೆಗಳು ಇಲ್ಲಿವೆ ಎಂಬುದು ಅನುವಾದಕರ ಗಮನಕ್ಕೆ ಬಂದಂತಿಲ್ಲ.

‘ಹೊಂದಾಣಿಕೆ’ ಎಂದರೆ ಜಾತಕವೋ ಚುನಾವಣೆಯೋ ನೆನಪಾಗುತ್ತದೆ. ‘ಜೋಡಣೆ’ಯಲ್ಲಿ ಒಂದರ ಪಕ್ಕ ಇನ್ನೊಂದು ಎಂಬ ಭಾವವೇ ಹೆಚ್ಚು, ನಮಗೆ ಬೇಕಾದದ್ದು ಒಂದರ ಮೇಲೊಂದು. ‘ತಾಳೆ’ ಸೊಗಸಾದ ಪದ, ಆದರೆ ತಾಳೆ ನೋಡುವುದೆಂದರೆ ಪರೀಕ್ಷಿಸುವುದೇ ಹೊರತು ಸರಿಮಾಡುವುದಲ್ಲ. ಆದ್ದರಿಂದ ಅದನ್ನು ಕಡ್ಡಿ ತಾಗಿಸಿ ನೋಡುವ ಎರಡನೆಯ ಹಂತಕ್ಕೆ ಮೀಸಲಿಟ್ಟು, ಮೊದಲನೆಯದಕ್ಕೆ ‘ಬಿಂಬ ಕೂರಿಸುವುದು’ ಎಂದು ಬರೆದಿದ್ದೇನೆ. “ಬಿಂಬ ಸರಿಯಾಗಿ ಕೂರದಿದ್ದರೆ ಸ್ಕ್ರೂ ಬೆನ್ನುಹುರಿಗೆ ತಾಗಬಹುದು” ಎಂದರೆ ಯಾರಿಗೂ ಗೊಂದಲವಿಲ್ಲ.

ಆದರೆ ಕ್ರಿಯಾಪದಕ್ಕೆ ಒಗ್ಗಿದ್ದು ನಾಮಪದಕ್ಕೆ ಒಗ್ಗುತ್ತಿಲ್ಲ. ‘ಕೂರಿಸುವಿಕೆಯ ದೋಷ’ ಎಂಬ ಶೀರ್ಷಿಕೆಯನ್ನು ಯಾರು ಓದುತ್ತಾರೆ? ಮೇಲಾಗಿ ಅದೇ ಪುಟದಲ್ಲಿ ಸ್ಕ್ರೂವನ್ನೂ ‘ಕೂರಿಸು’ತ್ತಾರೆ.

ಬಣ್ಣದ ಮುದ್ರಣದಲ್ಲಿ ನಾಲ್ಕು ಬಣ್ಣಗಳು ಒಂದರ ಮೇಲೊಂದು ಸರಿಯಾಗಿ ಬೀಳುವುದಕ್ಕೂ ಇಂಗ್ಲಿಷಿನಲ್ಲಿ ಇದೇ ಪದ. ಬಳೇಪೇಟೆ, ಕಾಟನ್‌ಪೇಟೆ ಕಡೆಯ ಹಳೆಯ ಮುದ್ರಣಾಲಯಗಳ ಕೆಲಸಗಾರರ ಬಾಯಲ್ಲಿ ಇದಕ್ಕೆ ಕನ್ನಡದ ಮಾತೇನಾದರೂ ಇತ್ತೇ? ಭೂಮಾಪನದಲ್ಲಿ ನಕ್ಷೆಯ ಮೇಲೆ ನಕ್ಷೆ ಇಟ್ಟು ನೋಡುವವರು ಏನೆನ್ನುತ್ತಾರೆ?