ಮೂರು ದಿನ ನಿಲ್ಲಿಸಿದರೆ ಬ್ಯಾಟರಿ ಖಾಲಿ, ಎಫ್‌ಎಂ ಬರೀ ಗೊರಗೊರ – ಹೊಸ ಸ್ಟೀರಿಯೋ ಹಾಕಿಸಿದ ಮೇಲೆ ಶುರು

ಕೆಂಗೇರಿ ಕಾರು:
ಎಲ್ಲರಿಗೂ ನಮಸ್ಕಾರ. ನನ್ನದು 2013ರ ಸಣ್ಣ ಹ್ಯಾಚ್‌ಬ್ಯಾಕ್, ಸೆಕೆಂಡ್ ಹ್ಯಾಂಡ್. ಮಾಡೆಲ್ ಹೆಸರು ಬೇಕಂತಲೇ ಹಾಕಿಲ್ಲ. ಹಾಕಿದರೆ ಎಲ್ಲರೂ ನನ್ನ ಪ್ರಶ್ನೆ ಬಿಟ್ಟು ಆ ಕಂಪನಿಯನ್ನು ಬೈಯಲು ಕೂರುತ್ತೀರಿ.

ಕಂಪನಿಯಿಂದ ಬಂದಿದ್ದ ಸ್ಟೀರಿಯೋ ಒಂದು ಸಿಡಿ ನುಂಗಿಕೊಂಡು ಕೂತಿತ್ತು, ಬ್ಲೂಟೂತ್ ಕೂಡ ಇರಲಿಲ್ಲ. ಎರಡು ತಿಂಗಳ ಹಿಂದೆ ಅದನ್ನು ತೆಗೆಸಿ ಒಂಬತ್ತು ಇಂಚಿನ ಆಂಡ್ರಾಯ್ಡ್ ಸೆಟ್ ಹಾಕಿಸಿದೆ. ಹಾಡು ಚೆನ್ನಾಗಿ ಬರುತ್ತದೆ, ರಿವರ್ಸ್ ಕ್ಯಾಮೆರಾನೂ ಸರಿ ಇದೆ. ಆದರೆ ಗುರುವಾರ ಸಂಜೆ ನಿಲ್ಲಿಸಿದ ಕಾರನ್ನು ಭಾನುವಾರ ಬೆಳಿಗ್ಗೆ ತೆಗೆಯಲು ಹೋದರೆ ಬರೀ ಟಕ್ ಟಕ್ ಅನ್ನುತ್ತದೆ. ನಾಲ್ಕು ಸಲ ಪಕ್ಕದ ಮನೆಯವರ ಕಾರಿನಿಂದ ಜಂಪ್ ಮಾಡಿಸಿಕೊಂಡಿದ್ದೇನೆ. ಈಗ ಅವರು ನನ್ನನ್ನು ನೋಡಿದರೆ ಗೇಟ್ ಹಾಕಿಕೊಳ್ಳುತ್ತಾರೆ. ಬ್ಯಾಟರಿಗೆ ಎಂಟೇ ತಿಂಗಳು, 35 ಎಎಚ್ (ಆಂಪಿಯರ್-ಅವರ್, ಅಂದರೆ ಬ್ಯಾಟರಿಯಲ್ಲಿ ಎಷ್ಟು ಹಿಡಿಯುತ್ತದೆ ಅನ್ನುವ ಅಳತೆ). ಅಂಗಡಿಯಲ್ಲಿ ಲೋಡ್ ಹಾಕಿ ನೋಡಿ ಚೆನ್ನಾಗಿದೆ ಅಂದರು.

ಇನ್ನೊಂದು, ಎಫ್‌ಎಂ. ಹಳೇ ಸೆಟ್‌ನಲ್ಲಿ ಬೆಂಗಳೂರಿನ 101.3 ರಾಮನಗರ ದಾಟುವವರೆಗೂ ಕೇಳಿಸುತ್ತಿತ್ತು. ಈಗ ಕೆಂಗೇರಿಯಲ್ಲೇ ಗೊರಗೊರ. ಮೈಸೂರಿಗೆ ಹೋದರೆ ಅಲ್ಲಿನ ಆಕಾಶವಾಣಿ 100.6 ಬರುವುದೇ ಇಲ್ಲ. ಅಪ್ಪ ಪಕ್ಕದಲ್ಲಿ ಕೂತು "ಇಷ್ಟು ದೊಡ್ಡ ಟಿವಿ ಹಾಕ್ಸಿದೀಯ, ನಮ್ಮೂರ ಸ್ಟೇಷನ್ ಬರಲ್ಲ ಅಂದ್ರೆ ಏನಮ್ಮಾ" ಅಂತ ಪ್ರತಿ ಸಲ ಕೇಳುತ್ತಾರೆ.

ಹಾಕಿಕೊಟ್ಟ ಅಂಗಡಿಯವರು 45 ಎಎಚ್ ಬ್ಯಾಟರಿ ಹಾಕಿಸಿ, ಏರಿಯಲ್ ಬದಲಾಯಿಸಿ ಅನ್ನುತ್ತಾರೆ. ಹಾಕಿಸಲಾ? (ಚಾರ್ಜರ್ ಸಾಕೆಟ್ ಕೂಡ ಕೆಲಸ ಮಾಡುತ್ತಿಲ್ಲ. ಅದು ಸೆಟ್ ಹಾಕಿಸುವ ಮೊದಲೇ ಹೋಗಿತ್ತು, ಬಿಡಿ.)

ಸೌಂಡ್ ಹುಚ್ಚ:
ಅಗ್ಗದ ಆಂಡ್ರಾಯ್ಡ್ ಸೆಟ್ ಹಣೆಬರಹವೇ ಅಷ್ಟು ಮೇಡಂ. ಬಿಸಾಕಿ ಬ್ರಾಂಡೆಡ್ ತಗೊಳ್ಳಿ. ಜೊತೆಗೆ ಒಂದು ಆಂಪ್ಲಿಫೈಯರ್ ಹಾಕಿಸಿ, ಕಾರೇ ಬೇರೆ ಆಗುತ್ತದೆ.

ಮೀಟರ್ ಮಾಮ:
ಇನ್ನೂ ಏನನ್ನೂ ಅಳೆದಿಲ್ಲ, ಆಗಲೇ ಬಿಸಾಕುವ ಮಾತು ಬಂತು. ಮೇಡಂ, ಸದ್ಯಕ್ಕೆ ಒಂದು ರೂಪಾಯಿನೂ ಖರ್ಚು ಮಾಡಬೇಡಿ. ಒಂದು ಪ್ರಶ್ನೆ: ಕೀ ತೆಗೆದ ತಕ್ಷಣ ಸೆಟ್ ತಾನಾಗೇ ಆಫ್ ಆಗುತ್ತದಾ?

ಕೆಂಗೇರಿ ಕಾರು:
ಇಲ್ಲ. ಪಕ್ಕದ ಬಟನ್ ಒತ್ತಿ ಹಿಡಿದರೆ ಸ್ಕ್ರೀನ್ ಕಪ್ಪಾಗುತ್ತದೆ. ಇಂಥ ಸೆಟ್ ಎಲ್ಲ ಹೀಗೇ ಅಂತ ಅಂಗಡಿಯಲ್ಲಿ ಹೇಳಿದ್ದರು.

ಮೀಟರ್ ಮಾಮ:
ಹೀಗಲ್ಲ. ಸ್ಕ್ರೀನ್ ಕಪ್ಪಾದ ಮಾತ್ರಕ್ಕೆ ಸೆಟ್ ಮಲಗಿದೆ ಅಂತಲ್ಲ, ಕಣ್ಣು ಮುಚ್ಚಿಕೊಂಡು ಎಚ್ಚರವಾಗೇ ಇದೆ. ಅನುಮಾನ ಏನು ಅಂತ ಆಮೇಲೆ ಹೇಳುತ್ತೇನೆ, ಮೊದಲು ಅಳೆಯಿರಿ.

ಒಂದು ಮಲ್ಟಿಮೀಟರ್ ತಗೊಳ್ಳಿ, ಸಾದಾ ಸಾಕು. ಕೆಂಪು ಪ್ರೋಬ್ ಅನ್ನು 10 ಆಂಪ್ ತೂತಿಗೆ ಹಾಕಿ ಡಿಸಿ ಆಂಪ್‌ಗೆ ತಿರುಗಿಸಿ. ಕೀ ತೆಗೆದು ಜೇಬಿಗೆ ಹಾಕಿಕೊಳ್ಳಿ, ಬಾಗಿಲೆಲ್ಲ ಮುಚ್ಚಿ. ಬ್ಯಾಟರಿಯ ಮೈನಸ್ ಕ್ಲ್ಯಾಂಪ್ ಬಿಚ್ಚಿ, ಆ ಕ್ಲ್ಯಾಂಪಿಗೂ ಬ್ಯಾಟರಿಯ ಮೈನಸ್ ಗುಬಟಿಗೂ ಮಧ್ಯೆ ಮೀಟರ್ ಹಿಡಿಯಿರಿ. ಪ್ಲಸ್‌ಗೂ ಮೈನಸ್‌ಗೂ ನೇರವಾಗಿ ಮುಟ್ಟಿಸಿದರೆ ಮೀಟರಿನ ಫ್ಯೂಸ್ ಹೋಗುತ್ತದೆ, ನಿಮಗೂ ಜೀವ ಬಾಯಿಗೆ ಬರುತ್ತದೆ. ಮೀಟರ್ ಸಿಕ್ಕಿಸಿರುವಾಗ ಅಪ್ಪಿತಪ್ಪಿಯೂ ಸ್ಟಾರ್ಟ್ ಮಾಡಬೇಡಿ. ಅರ್ಧ ಗಂಟೆ ಬಿಟ್ಟು ಓದಿ. 0.05 ಆಂಪ್ ಒಳಗಿದ್ದರೆ ಕಾರು ಆರೋಗ್ಯವಾಗಿದೆ. ಜಾಸ್ತಿ ಇದ್ದರೆ ಡ್ಯಾಶ್‌ಬೋರ್ಡ್ ಕೆಳಗಿನ ಫ್ಯೂಸ್‌ಗಳನ್ನು ಒಂದೊಂದೇ ಕಿತ್ತು, ಯಾವುದಕ್ಕೆ ಇಳಿಯುತ್ತದೆ ನೋಡಿ.

ಕೆಂಗೇರಿ ಕಾರು:
ಎಸ್‌.ಪಿ. ರೋಡಿನಲ್ಲಿ ಮುನ್ನೂರು ರೂಪಾಯಿಯ ಮೀಟರ್ ತಂದೆ. ಅರ್ಧ ಗಂಟೆ ಬಿಟ್ಟ ಮೇಲೂ 0.43. ಫ್ಯೂಸ್ ಒಂದೊಂದೇ ಕಿತ್ತೆ. ರೂಮ್ ಲೈಟ್ ಫ್ಯೂಸ್ ಕಿತ್ತಾಗ 0.02ಕ್ಕೆ ಇಳಿಯಿತು! ಆದರೆ ಲೈಟ್ ಆರಿಯೇ ಇತ್ತು. ಇದೇನು ಕಥೆ?

ಮೀಟರ್ ಮಾಮ:
ಲೈಟಿನದು ತಪ್ಪಿಲ್ಲ. ರೂಮ್ ಲೈಟ್, ಗಡಿಯಾರ, ಸ್ಟೀರಿಯೋ ನೆನಪು – ಕೀ ತೆಗೆದ ಮೇಲೂ ಕರೆಂಟ್ ಬೇಕಾದ ಇಂಥವನ್ನೆಲ್ಲ ಎಷ್ಟೋ ಕಾರುಗಳಲ್ಲಿ ಒಂದೇ ಫ್ಯೂಸಿನ ಮೇಲೆ ಹಾಕಿರುತ್ತಾರೆ. ನಿಮ್ಮ ಕಳ್ಳ ಸೆಟ್ಟೇ.

ಲೆಕ್ಕ ಹಾಕಿ. ಗುರುವಾರ ಸಂಜೆಯಿಂದ ಭಾನುವಾರ ಬೆಳಿಗ್ಗೆವರೆಗೆ ಸುಮಾರು 60 ಗಂಟೆ. 60 ಸಲ 0.43 ಅಂದರೆ 26 ಎಎಚ್ ಹತ್ತಿರ. 35ರಲ್ಲಿ 26 ಸೋರಿಹೋದ ಮೇಲೆ ಸ್ಟಾರ್ಟರ್‌ಗೆ ಉಳಿಯುವುದು ಟಕ್ ಟಕ್ ಅಷ್ಟೆ. 45 ಎಎಚ್ ಹಾಕಿಸಿದ್ದರೆ ಭಾನುವಾರದ ಬದಲು ಸೋಮವಾರ ಕೈ ಕೊಡುತ್ತಿತ್ತು.

ಈಗ ಅನುಮಾನ ಹೇಳುತ್ತೇನೆ. ಹೊರಗಿನ ಸೆಟ್‌ಗಳ ಹಿಂದೆ ಹಳದಿ ವೈರ್ ಅಂದರೆ ಯಾವಾಗಲೂ 12 ವೋಲ್ಟ್ ಇರುವ ಲೈನಿಗೆ, ನೆನಪಿಗೆ ಮತ್ತು ಪವರ್‌ಗೆ. ಕೆಂಪು ವೈರ್ ಅಂದರೆ ಕೀ ತಿರುಗಿಸಿದಾಗ ಮಾತ್ರ ಬರುವ ಲೈನಿಗೆ. ಆ ಕೆಂಪು ವೈರ್ ನೋಡಿಕೊಂಡೇ ಸೆಟ್ ಏಳುವುದು, ಮಲಗುವುದು. ಎರಡನ್ನೂ ಸೇರಿಸಿ ತಿರುಚಿದರೆ ಅದಕ್ಕೆ ರಾತ್ರಿ ಅನ್ನುವುದೇ ಇಲ್ಲ. ನಿಮ್ಮದರಲ್ಲಿ ತಿರುಚಿದ್ದಾರೆ ಅಂತ ಬೆಟ್ ಕಟ್ಟುತ್ತೇನೆ.

ಯಾಕೆ ತಿರುಚಿದರು ಅನ್ನುವುದಕ್ಕೆ ಉತ್ತರ ನೀವೇ ಕೊಟ್ಟು "ಬಿಡಿ" ಅಂದಿದ್ದೀರಿ. ಚಾರ್ಜರ್ ಸಾಕೆಟ್! ಬಹಳ ಕಾರುಗಳಲ್ಲಿ ಸಾಕೆಟ್ಟಿಗೂ ಸ್ಟೀರಿಯೋ ಕೀ ಲೈನಿಗೂ ಒಂದೇ 15 ಆಂಪ್ ಫ್ಯೂಸ್. ಆ ಫ್ಯೂಸ್ ಯಾವತ್ತು ಹೋಯಿತು ನೆನಪಿದೆಯಾ?

ಜೆಸಿ ರೋಡ್ ವಾಸಿ:
ನಾನು ಇದೇ ಕೆಲಸದವನು, ಒಳಗಿನ ಮಾತು ಹೇಳುತ್ತೇನೆ. ಶನಿವಾರ ಮಧ್ಯಾಹ್ನ ಅಂಗಡಿ ಮುಂದೆ ಆರು ಕಾರು ಕಾಯುತ್ತಿರುತ್ತವೆ. ಹುಡುಗ ಟೆಸ್ಟ್ ಲ್ಯಾಂಪ್ ಹಿಡಿದು ಕೀ ಲೈನ್ ಹುಡುಕುತ್ತಾನೆ, ಲ್ಯಾಂಪ್ ಉರಿಯುವುದಿಲ್ಲ. ಫ್ಯೂಸ್ ಹೋಗಿದೆಯಾ ಅಂತ ನೋಡಲು ಎರಡು ನಿಮಿಷ ಬೇಕು. ಹಳದಿ, ಕೆಂಪು ಸೇರಿಸಿ ಟೇಪ್ ಸುತ್ತಲು ಹತ್ತು ಸೆಕೆಂಡ್. ಸೆಟ್ ಆನ್ ಆಯಿತು, ದುಡ್ಡು ಬಂತು, ಮುಂದಿನ ಕಾರು. ಮೋಸ ಅಂತ ನಾನು ಹೇಳುವುದಿಲ್ಲ, ಅವಸರ. ಆದರೆ "ಎಲ್ಲ ಸೆಟ್ ಹೀಗೇ" ಅಂದದ್ದು ತಪ್ಪು.

ಸೆಟ್ ಹೊರಗೆ ಎಳೆದಾಗ ನೀಲಿ ವೈರ್ ಹುಡುಕಿ. ನಿಮ್ಮ ಏರಿಯಲ್ ರೂಫಿನ ಹಿಂದೆ ಗಿಡ್ಡದಾಗಿದೆಯಾ?

ಕೆಂಗೇರಿ ಕಾರು:
ಹೌದು, ಗೇಣುದ್ದವೂ ಇಲ್ಲ.

ಮತ್ತೆ ಫ್ಯೂಸ್... ನೆನಪಾಯಿತು. ದೀಪಾವಳಿಗೆ ಊರಿಗೆ ಹೋಗುವಾಗ ಚನ್ನಪಟ್ಟಣದ ಹತ್ತಿರ ಆ ಸಾಕೆಟ್ಟಿಗೇ ಗಾಳಿ ಹಾಕುವ ಪಂಪ್ ಸಿಕ್ಕಿಸಿದ್ದೆ. ನಾಲ್ಕನೇ ಟೈರಿಗೆ ಹಾಕುವಾಗ ಪಂಪ್ ನಿಂತಿತು. ಪಂಪ್ ಕೆಟ್ಟಿತು ಅಂದುಕೊಂಡು ಅಟ್ಟದ ಮೇಲೆ ಎಸೆದಿದ್ದೇನೆ!

ಮೀಟರ್ ಮಾಮ:
ಪಂಪ್ ಇಳಿಸಿಕೊಳ್ಳಿ, ಚೆನ್ನಾಗೇ ಇರುತ್ತದೆ. ಇಂಥ ಪಂಪ್‌ಗಳು ಹತ್ತು ಆಂಪ್‌ಗೂ ಮೇಲೆ ಎಳೆಯಬಲ್ಲವು, ಹಳೇ ಫ್ಯೂಸಿಗೆ ತಡೆಯಲಿಲ್ಲ. 15 ಇದ್ದ ಜಾಗಕ್ಕೆ 15ನ್ನೇ ಹಾಕಿ. 30 ಹಾಕುವುದು, ಸಿಗರೇಟ್ ಪ್ಯಾಕಿನ ಬೇಗಡೆ ಸುತ್ತುವುದು ಬೇಡ. ಫ್ಯೂಸ್ ಸುಡದಿದ್ದರೆ ವೈರ್ ಸುಡುತ್ತದೆ.

ಜೆಸಿ ರೋಡ್ ವಾಸಿ:
ಗಿಡ್ಡ ಏರಿಯಲ್ ಆದರೆ ಬುಡದಲ್ಲಿ ಸಿಗ್ನಲ್ ಹೆಚ್ಚಿಸುವ ಸಣ್ಣ ಬೂಸ್ಟರ್ ಇರುವ ಸಾಧ್ಯತೆ ಜಾಸ್ತಿ. ಅದಕ್ಕೆ 12 ವೋಲ್ಟ್ ಬೇಕು. ಕಂಪನಿ ಸೆಟ್ ಅದನ್ನು ಕೊಡುತ್ತಿತ್ತು. ಹೊಸ ಸೆಟ್‌ನಲ್ಲಿ ಆ ಕೆಲಸ ನೀಲಿ ವೈರ್‌ನದು. ಬಹಳ ಕಡೆ ಅದನ್ನು ಸುಮ್ನೆ ಮಡಚಿ ಬಿಟ್ಟಿರುತ್ತಾರೆ. ಕರೆಂಟ್ ಇಲ್ಲದ ಬೂಸ್ಟರ್ ಅಂದರೆ ಏರಿಯಲ್‌ಗೆ ಬಿರಡೆ ಹಾಕಿದ ಹಾಗೆ. ಕಾರಿನ ಕಡೆ ಯಾವ ವೈರ್ ಅಂತ ಬಣ್ಣ ನೋಡಿ ಊಹಿಸಬೇಡಿ, ಕಂಪನಿಗೊಂದು ಬಣ್ಣ ಇರುತ್ತದೆ. ನಿಮ್ಮ ಮಾಡೆಲ್‌ನ ವೈರಿಂಗ್ ಚಿತ್ರ ನೋಡಿ ಖಚಿತ ಮಾಡಿಕೊಳ್ಳಿ. ನೀಲಿಯ ಮೇಲೆ ಬಿಳಿ ಗೆರೆ ಇರುವುದು ಆಂಪ್ಲಿಫೈಯರ್‌ಗೆ, ಅದನ್ನು ಮುಟ್ಟಬೇಡಿ. ಬೂಸ್ಟರ್ ಲೈನನ್ನು ಹಳದಿಗೆ ಸೇರಿಸಿದಿರೋ, ಇನ್ನೊಂದು ಸೋರಿಕೆ ಶುರು.

ವೈರ್ ಬಿಚ್ಚುವ ಮೊದಲು ಬ್ಯಾಟರಿ ಮೈನಸ್ ತೆಗೆಯಿರಿ. ಸೇರಿಸಿದ ಮೇಲೆ ಬರೀ ಟೇಪ್ ಸಾಲದು, ಬಿಸಿಲಿಗೆ ಅಂಟು ಕರಗಿ ಬಿಚ್ಚಿಕೊಳ್ಳುತ್ತದೆ. ಬೆಸುಗೆ ಹಾಕಿ ಸ್ಲೀವ್ ಏರಿಸಿ, ಇಲ್ಲವೇ ಕ್ರಿಂಪ್ ಮಾಡಿ.

ಕೆಂಗೇರಿ ಕಾರು:
ಮಾಮ, ಬೆಟ್ ನೀವೇ ಗೆದ್ದಿರಿ. ಫ್ಯೂಸಿನ ಒಳಗಿನ ತಂತಿ ತುಂಡಾಗಿ ಪ್ಲಾಸ್ಟಿಕ್ ಕಂದಿತ್ತು. ಹೊಸದು ಹತ್ತು ರೂಪಾಯಿ. ಹಾಕಿದ ಕೂಡಲೇ ಸಾಕೆಟ್ಟಿಗೆ ಜೀವ ಬಂತು. ಸೆಟ್ ಎಳೆದು ನೋಡಿದರೆ ಹಳದಿ, ಕೆಂಪು ಒಂದಕ್ಕೊಂದು ಜಡೆ ಹಾಕಿಕೊಂಡು ಟೇಪಿನೊಳಗೆ ಕೂತಿದ್ದವು. ನೀಲಿ ವೈರಿನ ತುದಿ ಹಾಗೇ ಮಡಚಿತ್ತು. ನಮ್ಮ ಬೀದಿಯ ಎಲೆಕ್ಟ್ರಿಷಿಯನ್ ಅಣ್ಣನನ್ನು ಕೂರಿಸಿಕೊಂಡು, ಮೀಟರ್ ಹಿಡಿದು ಕೀ ಲೈನ್ ಹುಡುಕಿ ಕೆಂಪನ್ನು ಅಲ್ಲಿಗೆ, ವೈರಿಂಗ್ ಚಿತ್ರ ನೋಡಿ ನೀಲಿಯನ್ನು ಏರಿಯಲ್ ಲೈನಿಗೆ ಸೇರಿಸಿದೆವು. ಈಗ ಕೀ ತೆಗೆದರೆ ಸೆಟ್ ತಾನೇ ಮಲಗುತ್ತದೆ. ಮೀಟರ್ 0.03. ನಾಲ್ಕು ದಿನ ನಿಲ್ಲಿಸಿ ಒಂದೇ ಸಲಕ್ಕೆ ಸ್ಟಾರ್ಟ್ ಮಾಡಿದೆ.

101.3, 102.9 ಎರಡೂ ಸ್ಪಷ್ಟ. ಆದರೆ ಮೈಸೂರಿನಲ್ಲಿ 100.6 ಇನ್ನೂ ಇಲ್ಲ! ಅಪ್ಪನ ಮನೆ ಬಾಗಿಲಲ್ಲೇ ನಿಂತು ನೋಡಿದೆ.

ಮೀಟರ್ ಮಾಮ:
ಟ್ಯೂನ್ ಮಾಡುವ ಬಾಣ ಒಂದು ಸಲ ಒತ್ತಿ. 100.5 ಆದ ಮೇಲೆ ಎಷ್ಟು ತೋರಿಸುತ್ತದೆ?

ಕೆಂಗೇರಿ ಕಾರು:
100.7. ಅರೆ, 100.6 ಹಾರಿಯೇ ಹೋಗುತ್ತದಲ್ಲ!

ಮೀಟರ್ ಮಾಮ:
ಸೆಟ್ ಅಮೆರಿಕಾದಲ್ಲಿದೆ. ಅಲ್ಲಿ ಎಫ್‌ಎಂ ಸ್ಟೇಷನ್‌ಗಳ ನಡುವೆ 0.2ರ ಅಂತರ, ಚುಕ್ಕೆಯ ಮುಂದೆ ಬೆಸ ಅಂಕಿಯೇ ಬರುತ್ತದೆ. 91.1, 98.3, 101.3, 102.9 – ಬೆಂಗಳೂರಿನ ಇಂಥವು ಬೆಸ, ಅದಕ್ಕೇ ಗೊತ್ತಾಗಲಿಲ್ಲ. ಮೈಸೂರಿನದು ಸಮ ಅಂಕಿ, ಸಿಕ್ಕಿಬಿತ್ತು. ರೇಡಿಯೋ ಸೆಟ್ಟಿಂಗ್‌ನಲ್ಲಿ ರೀಜನ್ ಅಂತ ಇರುತ್ತದೆ. ಇಂಡಿಯಾ ಇದ್ದರೆ ಇಂಡಿಯಾ, ಇಲ್ಲದಿದ್ದರೆ ಯುರೋಪ್ ಹಾಕಿ. ಎಎಂ ಇರುವ ಸೆಟ್ ಆದರೆ ಅದೂ ಸರಿಹೋಗುತ್ತದೆ. ಅಮೆರಿಕಾದ್ದು 10 ಕಿಲೋಹರ್ಟ್ಸ್ ಹೆಜ್ಜೆ, ನಮ್ಮದು 9. ಬೆಂಗಳೂರು ಆಕಾಶವಾಣಿಯ 612 ಹುಡುಕಿದರೆ 610ರಿಂದ 620ಕ್ಕೆ ಜಿಗಿದುಬಿಡುತ್ತದೆ.

ಸೌಂಡ್ ಹುಚ್ಚ:
ನನ್ನ ಮಾತು ವಾಪಸ್ ತಗೊಂಡೆ. ಆಂಪ್ಲಿಫೈಯರ್ ವಿಷಯ ಮಾತ್ರ ಹಾಗೇ ಇರಲಿ. ಡಬ್ಬದ ಮೇಲೆ 50 ವ್ಯಾಟ್ ಗುಣಿಸು ನಾಲ್ಕು ಅಂತ ಬರೆದಿದ್ದರೂ 14 ವೋಲ್ಟಿನಲ್ಲಿ 4 ಓಮ್ ಸ್ಪೀಕರ್‌ಗೆ ನಿಜವಾಗಿ ಸಿಗುವುದು ಇಪ್ಪತ್ತರ ಆಸುಪಾಸು.

ಕೆಂಗೇರಿ ಕಾರು:
ಯುರೋಪ್ ಹಾಕಿದೆ, 100.6 ಬಂತು. ಅಪ್ಪ ಏನೂ ಹೇಳಲಿಲ್ಲ, ವಾಲ್ಯೂಮ್ ಜಾಸ್ತಿ ಮಾಡಿದರು ಅಷ್ಟೆ.

ಕೊನೇದೊಂದು. ಇವತ್ತು ಬೆಳಿಗ್ಗೆ ಮತ್ತೆ ಸಣ್ಣಗೆ ಗೊರಗೊರ ಶುರು. ವೈರ್ ಎಲ್ಲ ಗಟ್ಟಿಯಾಗೇ ಇವೆ.

ಜೆಸಿ ರೋಡ್ ವಾಸಿ:
ಜೀವ ಬಂದ ಸಾಕೆಟ್ಟಿಗೆ ಏನು ಸಿಕ್ಕಿಸಿದ್ದೀರಿ?

ಕೆಂಗೇರಿ ಕಾರು:
ಸಿಗ್ನಲ್‌ನಲ್ಲಿ ನೂರು ರೂಪಾಯಿಗೆ ತಗೊಂಡ ಚಾರ್ಜರ್. ಕಿತ್ತೆ, ನಿಂತಿತು.