ಕಾಯಿಲೆಯ ಬಗ್ಗೆ ಅಂತರ್ಜಾಲದಲ್ಲಿ ಓದುವಾಗ ಯಾವುದನ್ನು ನಂಬಬೇಕು, ತಜ್ಞ ವೈದ್ಯರನ್ನು ಹೇಗೆ ಹುಡುಕಬೇಕು?

ಪ್ರಶ್ನೆ

ನನ್ನ ತಾಯಿಯವರಿಗೆ ರುಮಟಾಯ್ಡ್ ಆರ್ಥ್ರೈಟಿಸ್ ಇರುವುದು ಇತ್ತೀಚೆಗೆ ಪತ್ತೆಯಾಗಿದೆ. ಬೆಳಿಗ್ಗೆ ಎದ್ದಾಗ ಕೈಬೆರಳುಗಳ ಗೆಣ್ಣುಗಳು ಊದಿಕೊಂಡು ಬಿಗಿಯಾಗಿರುತ್ತವೆ; ಗುಂಡಿ ಹಾಕಿಕೊಳ್ಳುವುದಕ್ಕೂ ಬಹಳ ಹೊತ್ತು ಹಿಡಿಯುತ್ತದೆ. ವೈದ್ಯರು ರಕ್ತಪರೀಕ್ಷೆ ಮಾಡಿಸಿದ ಮೇಲೆ ಮೆಥೊಟ್ರೆಕ್ಸೇಟ್ ಮಾತ್ರೆಯನ್ನು ವಾರಕ್ಕೊಮ್ಮೆ ತೆಗೆದುಕೊಳ್ಳಬೇಕೆಂದು ಬರೆದುಕೊಟ್ಟಿದ್ದಾರೆ. ಆ ಹೆಸರನ್ನು ಅಂತರ್ಜಾಲದಲ್ಲಿ ಹುಡುಕಿದ ಕೂಡಲೇ ಅದು ಕ್ಯಾನ್ಸರಿಗೆ ಕೊಡುವ ಔಷಧವೆಂದೂ ಯಕೃತ್ತಿಗೆ ಹಾನಿ ಮಾಡುತ್ತದೆಂದೂ ಕಾಣಿಸಿತು. ಅದನ್ನು ಓದಿದಂದಿನಿಂದ ತಾಯಿಯವರು ಮಾತ್ರೆ ಮುಟ್ಟಲು ಹೆದರುತ್ತಿದ್ದಾರೆ. ಇನ್ನೊಂದು ಕಡೆ, ಔಷಧವೇ ಇಲ್ಲದೆ ಕೆಲವೇ ವಾರಗಳಲ್ಲಿ ಈ ಕಾಯಿಲೆಯನ್ನು ಬೇರುಸಹಿತ ಕಿತ್ತುಹಾಕುತ್ತೇವೆ ಎನ್ನುವ ವಿಡಿಯೊಗಳನ್ನು ಬಂಧುಗಳು ಕಳುಹಿಸುತ್ತಲೇ ಇದ್ದಾರೆ.

ನಾನು ವೈದ್ಯಕೀಯ ಓದಿದವನಲ್ಲ. ಒಂದು ಜಾಲತಾಣ ನಂಬಲರ್ಹವೋ ಅಲ್ಲವೋ ಎಂಬುದನ್ನು ನನ್ನಂಥವರು ಯಾವುದರ ಆಧಾರದ ಮೇಲೆ ತೀರ್ಮಾನಿಸಬೇಕು? ಎರಡನೆಯ ಅಭಿಪ್ರಾಯ ಪಡೆಯಬೇಕೆಂದಿದ್ದೇನೆ. ಈ ಕಾಯಿಲೆಗೆ ತಕ್ಕ ವೈದ್ಯರನ್ನು ಅಂತರ್ಜಾಲದ ಮೂಲಕ ಹುಡುಕುವುದು ಹೇಗೆ? ತಿಳಿದವರು ದಯವಿಟ್ಟು ವಿವರವಾಗಿ ಹೇಳಬೇಕಾಗಿ ವಿನಂತಿ.

ಉತ್ತರ 1 (ವೈದ್ಯಕೀಯ ಗ್ರಂಥಾಲಯದಲ್ಲಿ ಕೆಲಸ ಮಾಡುವವರು)

ಮಾನ್ಯರೇ, ಮೊದಲು ನಿಮ್ಮ ತಾಯಿಯವರ ಭಯದ ವಿಷಯಕ್ಕೆ ಬರುತ್ತೇನೆ. ನೀವು ಓದಿದ್ದು ಸುಳ್ಳಲ್ಲ, ಆದರೆ ಅರ್ಧ ಮಾತ್ರ. ಮೆಥೊಟ್ರೆಕ್ಸೇಟ್ ಮೊದಲು ಬಳಕೆಗೆ ಬಂದದ್ದು ಕ್ಯಾನ್ಸರ್ ಚಿಕಿತ್ಸೆಗೇ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ 1988ರಲ್ಲಿ ಇದನ್ನು ರುಮಟಾಯ್ಡ್ ಆರ್ಥ್ರೈಟಿಸ್‌ಗೂ ಅನುಮೋದಿಸಿತು. ಕೆಲವು ಕ್ಯಾನ್ಸರುಗಳಿಗೆ ಇದನ್ನು ಗ್ರಾಂಗಳ ಲೆಕ್ಕದಲ್ಲಿ ರಕ್ತನಾಳದ ಮೂಲಕ ಕೊಡುವುದುಂಟು. ಕೀಲುಗಳ ಕಾಯಿಲೆಗೆ ಕೊಡುವುದು ಸಾಮಾನ್ಯವಾಗಿ ವಾರಕ್ಕೆ 25 ಮಿಲಿಗ್ರಾಂ ಮೀರದ ಪ್ರಮಾಣದಲ್ಲಿ. ಔಷಧದ ಹೆಸರು ಒಂದೇ ಆದರೂ ಪ್ರಮಾಣ, ಉದ್ದೇಶ ಮತ್ತು ಅಪಾಯದ ಮಟ್ಟ ಬೇರೆ ಬೇರೆ. ಆದ್ದರಿಂದ ಯಾವುದೇ ಪುಟವನ್ನು ತೆರೆದಾಗ, ಅದು ನಿಮ್ಮ ತಾಯಿಯವರಿಗಿರುವ ಕಾಯಿಲೆಯ ಬಗ್ಗೆಯೇ, ಅವರು ತೆಗೆದುಕೊಳ್ಳುವ ಪ್ರಮಾಣದ ಬಗ್ಗೆಯೇ ಹೇಳುತ್ತಿದೆಯೇ ಎಂಬುದನ್ನು ಎಲ್ಲಕ್ಕಿಂತ ಮೊದಲು ನೋಡಿಕೊಳ್ಳಿ.

ಇನ್ನೊಂದು ವಿಷಯವನ್ನು ಒತ್ತಿ ಹೇಳಲೇಬೇಕು. ಈ ಮಾತ್ರೆಯನ್ನು ವಾರದಲ್ಲಿ ಒಂದು ನಿಗದಿತ ದಿನ ಮಾತ್ರ ತೆಗೆದುಕೊಳ್ಳಬೇಕು. ತಪ್ಪಿ ಪ್ರತಿದಿನ ನುಂಗಿದವರು ಪ್ರಾಣ ಕಳೆದುಕೊಂಡ ಉದಾಹರಣೆಗಳಿವೆ. ಆ ಕಾರಣದಿಂದಲೇ ಯುರೋಪಿನ ಔಷಧ ನಿಯಂತ್ರಣ ಸಂಸ್ಥೆಯು 2019ರಲ್ಲಿ ಹೊಸ ಎಚ್ಚರಿಕೆಯ ಕ್ರಮಗಳನ್ನು ಸೂಚಿಸಿತು. ವಾರದ ಯಾವ ದಿನ ಎಂಬುದನ್ನು ಔಷಧ ಚೀಟಿಯ ಮೇಲೆ ವೈದ್ಯರಿಂದಲೇ ಬರೆಸಿಕೊಳ್ಳಿ. ಇಂಥ ಮಾಹಿತಿಯನ್ನು ಮರೆಮಾಡದೆ ಮೊದಲ ಸಾಲುಗಳಲ್ಲೇ ಹೇಳುವ ಜಾಲತಾಣ ಓದುಗನ ಹಿತವನ್ನು ಮನಸ್ಸಿನಲ್ಲಿಟ್ಟುಕೊಂಡಿದೆ ಎಂದು ನಾನು ತಿಳಿಯುತ್ತೇನೆ.

ಓದಲು ಎಲ್ಲಿಂದ ಶುರುಮಾಡಬೇಕು ಎಂದರೆ, ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯ 1998ರಿಂದ ನಡೆಸುತ್ತಿರುವ ಮೆಡ್‌ಲೈನ್‌ಪ್ಲಸ್ ಜಾಲತಾಣವನ್ನು ಸೂಚಿಸುತ್ತೇನೆ, ಅದರಲ್ಲಿ ಜಾಹೀರಾತುಗಳಿಲ್ಲ. ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನ ಜಾಲತಾಣವೂ ಸರಳವಾಗಿದೆ. ಒಂದು ಚಿಕಿತ್ಸೆಯ ಬಗ್ಗೆ ನಡೆದ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ ತೂಗಿ ನೋಡುವ ಕೆಲಸವನ್ನು 1993ರಲ್ಲಿ ಆರಂಭವಾದ ಕಾಕ್ರೇನ್ ಎಂಬ ಸಂಸ್ಥೆ ಮಾಡುತ್ತಿದೆ. ಅದರ ವಿಮರ್ಶೆಗಳ ಜೊತೆಗೆ ಜನಸಾಮಾನ್ಯರಿಗಾಗಿ ಬರೆದ ಸಾರಾಂಶವೂ ಇರುತ್ತದೆ. ನಿಮ್ಮ ಪ್ರಶ್ನೆಗೆ ಸಂಬಂಧಿಸಿದಂತೆ, ಮೆಥೊಟ್ರೆಕ್ಸೇಟ್ ಕುರಿತ ವಿಮರ್ಶೆ ಅಲ್ಲಿ ಲಭ್ಯವಿದೆ.

ಬೇರೆ ಜಾಲತಾಣಗಳನ್ನು ಓದುವಾಗ, ಬರೆದವರು ಯಾರು, ಕೊನೆಯ ಬಾರಿ ಪರಿಶೀಲಿಸಿದ್ದು ಯಾವಾಗ, ಆ ಪುಟ ಏನನ್ನಾದರೂ ಮಾರುತ್ತಿದೆಯೇ ಎಂಬುದನ್ನು ಗಮನಿಸಿ. ಈ ಪೈಕಿ ಕೊನೆಯದೇ ಬಹುಮಟ್ಟಿಗೆ ನಿರ್ಣಾಯಕ. ಕಾಯಿಲೆಯ ವಿವರಣೆ ಎಷ್ಟೇ ಸರಿಯಾಗಿದ್ದರೂ, ಪುಟದ ಕೊನೆಯಲ್ಲಿ ಅದೇ ಕಾಯಿಲೆಗೆ ಅವರದೇ ಪುಡಿಯೋ ತೈಲವೋ ಇದ್ದರೆ, ಮೇಲಿನ ವಿವರಣೆಯೆಲ್ಲ ಆ ಮಾರಾಟಕ್ಕೆ ಪೀಠಿಕೆಯಷ್ಟೇ. ವಿಳಾಸದ ಕೊನೆಯಲ್ಲಿ ‘ಆರ್ಗ್’ ಎಂದಿರುವುದನ್ನು ಸೇವಾಸಂಸ್ಥೆಯ ಗುರುತೆಂದು ಅನೇಕರು ತಿಳಿಯುತ್ತಾರೆ. ಅದನ್ನು ಯಾರು ಬೇಕಾದರೂ ಕೊಂಡುಕೊಳ್ಳಬಹುದು. ಹಿಂದೆ ಆರೋಗ್ಯ ಜಾಲತಾಣಗಳಿಗೆ ‘ಹಾನ್‌ಕೋಡ್’ ಎಂಬ ಮಾನ್ಯತೆಯ ಮುದ್ರೆಯನ್ನು ಕೊಡಲಾಗುತ್ತಿತ್ತು. ಅದನ್ನು ಕೊಡುತ್ತಿದ್ದ ಸಂಸ್ಥೆ 2022ರಲ್ಲಿ ಕೆಲಸ ನಿಲ್ಲಿಸಿದೆ. ಆ ಮುದ್ರೆ ಎಲ್ಲಾದರೂ ಈಗಲೂ ಕಂಡರೆ ಅದಕ್ಕೆ ಬೆಲೆ ಕೊಡಬೇಕಾಗಿಲ್ಲ.

ಉತ್ತರ 2

ಮೇಲಿನವರು ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ನಂಬಲರ್ಹ ಮೂಲದಲ್ಲಿ ಓದಿದರೂ ಸಂಖ್ಯೆಗಳು ನಮ್ಮನ್ನು ದಾರಿ ತಪ್ಪಿಸಬಲ್ಲವು. 1995ರಲ್ಲಿ ಬ್ರಿಟನ್ನಿನಲ್ಲಿ, ಕೆಲವು ಬಗೆಯ ಗರ್ಭನಿರೋಧಕ ಮಾತ್ರೆಗಳಿಂದ ರಕ್ತ ಹೆಪ್ಪುಗಟ್ಟುವ ಅಪಾಯ ಎರಡು ಪಟ್ಟಾಗುತ್ತದೆ ಎಂಬ ಅಧಿಕೃತ ಎಚ್ಚರಿಕೆ ಹೊರಬಿತ್ತು. ಅದನ್ನು ಕೇಳಿ ಗಾಬರಿಯಾದ ಎಷ್ಟೋ ಮಹಿಳೆಯರು ಮಾತ್ರೆಯನ್ನೇ ಬಿಟ್ಟರು. ಬೇಡವಾದ ಬಸಿರು, ಗರ್ಭಪಾತಗಳು ಹೆಚ್ಚಾದವು. ವಾಸ್ತವದಲ್ಲಿ ಆ ‘ಎರಡು ಪಟ್ಟು’ ಎಂದರೆ 7,000 ಮಹಿಳೆಯರಲ್ಲಿ ಒಬ್ಬರಿಗೆ ಇದ್ದ ತೊಂದರೆ ಇಬ್ಬರಿಗೆ ಆಗುವುದು ಎಂದಾಗಿತ್ತು. ಹೇಳಿದ್ದು ಸುಳ್ಳಾಗಿರಲಿಲ್ಲ, ಆದರೆ ಹೇಳಿದ ರೀತಿಯಿಂದ ಹಾನಿಯಾಯಿತು. ಆದ್ದರಿಂದ ಅಡ್ಡಪರಿಣಾಮದ ಬಗ್ಗೆ ಓದುವಾಗ ‘ಎಷ್ಟು ಜನರಲ್ಲಿ ಎಷ್ಟು ಜನರಿಗೆ?’ ಎಂದು ಕೇಳಿಕೊಳ್ಳಿ, ಅದರ ಜೊತೆಗೆ ‘ಔಷಧ ತೆಗೆದುಕೊಳ್ಳದಿದ್ದರೆ ಏನಾಗುತ್ತದೆ?’ ಎಂದೂ ಕೇಳಿಕೊಳ್ಳಿ. ರುಮಟಾಯ್ಡ್ ಆರ್ಥ್ರೈಟಿಸ್‌ನಲ್ಲಿ ಈ ಎರಡನೆಯ ಪ್ರಶ್ನೆಗೆ ಉತ್ತರ ಸ್ಪಷ್ಟವಾಗಿದೆ: ಚಿಕಿತ್ಸೆ ತಡವಾದಷ್ಟೂ ಕೀಲಿನ ಮೂಳೆ ಸವೆಯುವ ಸಾಧ್ಯತೆ ಹೆಚ್ಚು, ಮತ್ತು ಸವೆದ ಮೂಳೆ ಮೊದಲಿನಂತಾಗುವುದಿಲ್ಲ.

ಒಂದು ಸಂಶೋಧನಾ ಪ್ರಬಂಧವನ್ನು ಮುಂದಿಟ್ಟುಕೊಂಡು ವಾದಿಸುವವರ ಬಗ್ಗೆಯೂ ಎಚ್ಚರವಿರಲಿ. ದಡಾರ, ಮಂಗನಬಾವು, ರುಬೆಲ್ಲಾಗಳಿಗೆ ಕೊಡುವ ಎಂಎಂಆರ್ ಲಸಿಕೆಗೂ ಆಟಿಸಂಗೂ ನಂಟು ಕಲ್ಪಿಸಿದ 1998ರ ಪ್ರಬಂಧ ಪ್ರಕಟವಾಗಿದ್ದು ಲ್ಯಾನ್ಸೆಟ್‌ನಂಥ ಹೆಸರಾಂತ ವೈದ್ಯಕೀಯ ಪತ್ರಿಕೆಯಲ್ಲಿ. ಅದರಲ್ಲಿದ್ದದ್ದು ಕೇವಲ 12 ಮಕ್ಕಳ ವಿವರ. ಪತ್ರಿಕೆ ಅದನ್ನು 2010ರಲ್ಲಿ ಹಿಂದಕ್ಕೆ ಪಡೆಯಿತು, ಆದರೆ ಅದು ಹುಟ್ಟಿಸಿದ ಅಂಜಿಕೆ ಇಂದಿಗೂ ಪೂರ್ತಿ ಹೋಗಿಲ್ಲ. ಪಬ್‌ಮೆಡ್‌ನಲ್ಲಿ ಸಿಕ್ಕಿತು ಎಂಬುದೂ ಪ್ರಮಾಣವಾಗುವುದಿಲ್ಲ, ಏಕೆಂದರೆ ಅದು ಪ್ರಬಂಧಗಳ ಸೂಚಿಯಷ್ಟೇ. ಹಿಂದಕ್ಕೆ ಪಡೆದ ಪ್ರಬಂಧಗಳ ಮೇಲೆ ಅಲ್ಲಿ ಆ ಸೂಚನೆ ಇರುತ್ತದೆ ಎಂಬುದು ಮಾತ್ರ ನಮಗಿರುವ ಅನುಕೂಲ.

ಉತ್ತರ 3 (ವೈದ್ಯರು)

ವೈದ್ಯರನ್ನು ಹುಡುಕುವ ಪ್ರಶ್ನೆಗೆ ಉತ್ತರಿಸುತ್ತೇನೆ. ಕೀಲುನೋವು ಎಂದೊಡನೆ ಹೆಚ್ಚಿನವರು ಮೂಳೆ ತಜ್ಞರ ಹೆಸರನ್ನು ಹುಡುಕುತ್ತಾರೆ. ಆದರೆ ಇದು ದೇಹದ ರೋಗನಿರೋಧಕ ವ್ಯವಸ್ಥೆ ತನ್ನದೇ ಕೀಲುಗಳ ಮೇಲೆ ತಿರುಗಿಬೀಳುವ ಕಾಯಿಲೆ. ಇದನ್ನು ನೋಡಲು ವಿಶೇಷ ತರಬೇತಿ ಪಡೆದವರು ರುಮಟಾಲಜಿಸ್ಟರು. ನಿಮಗೆ ಬೇಕಾದ ತಜ್ಞತೆಯ ಹೆಸರನ್ನು ತಿಳಿದುಕೊಂಡು ಹುಡುಕಿದರೆ ಅರ್ಧ ಕೆಲಸ ಮುಗಿದಂತೆ.

ಹೆಸರು ಸಿಕ್ಕ ಮೇಲೆ ನೋಂದಣಿಯನ್ನು ಪರಿಶೀಲಿಸಿ. ಅನೇಕ ದೇಶಗಳಲ್ಲಿ ವೈದ್ಯರ ನೋಂದಣಿಯನ್ನು ನೋಡಿಕೊಳ್ಳುವ ಮಂಡಳಿಯ ಪಟ್ಟಿ ಅಂತರ್ಜಾಲದಲ್ಲೇ ಲಭ್ಯವಿದ್ದು, ಹೆಸರು ಅಥವಾ ನೋಂದಣಿ ಸಂಖ್ಯೆ ಕೊಟ್ಟು ಹುಡುಕಬಹುದು. ಬ್ರಿಟನ್ನಿನ ಜನರಲ್ ಮೆಡಿಕಲ್ ಕೌನ್ಸಿಲ್‌ನ ಪಟ್ಟಿಯಲ್ಲಿ ಆ ವೈದ್ಯರು ತಜ್ಞರ ವಿಭಾಗದಲ್ಲಿದ್ದಾರೆಯೇ ಎಂಬುದೂ ಗೊತ್ತಾಗುತ್ತದೆ. ಇಂಥ ಪಟ್ಟಿಯಲ್ಲಿ ಹೆಸರಿದೆ ಎಂದ ಮಾತ್ರಕ್ಕೆ ಒಳ್ಳೆಯ ವೈದ್ಯರೆಂದು ಅರ್ಥವಲ್ಲ. ಹೆಸರೇ ಇಲ್ಲದಿದ್ದರೆ ಮುಂದುವರಿಯಬೇಡಿ ಎಂದು ಖಂಡಿತವಾಗಿ ಹೇಳಬಲ್ಲೆ.

ನಕ್ಷತ್ರಗಳ ಲೆಕ್ಕದ ಅಂಕಗಳ ಬಗ್ಗೆ ನನಗೆ ಅಷ್ಟಾಗಿ ವಿಶ್ವಾಸವಿಲ್ಲ. ಕಾಯಿಸಿದ್ದು, ಸಿಡುಕಿದ್ದು, ಸ್ವಚ್ಛತೆ ಇಲ್ಲದ್ದು ಇವನ್ನು ರೋಗಿಗಳು ನಿಖರವಾಗಿ ಹೇಳಬಲ್ಲರು, ಅದು ಉಪಯುಕ್ತವೂ ಹೌದು. ಚಿಕಿತ್ಸೆ ಸರಿಯಾಗಿತ್ತೇ ಎಂಬುದನ್ನು ಆ ಅಂಕಗಳಿಂದ ತಿಳಿಯುವುದು ಕಷ್ಟ. ಅನವಶ್ಯಕವಾಗಿ ಆ್ಯಂಟಿಬಯಾಟಿಕ್ ಕೊಡದೆ ಕಳುಹಿಸಿದ ವೈದ್ಯರಿಗೇ ಕಡಿಮೆ ಅಂಕ ಬೀಳುವುದುಂಟು. ಜೊತೆಗೆ, ರೋಗಿಯ ಗೋಪ್ಯತೆಯನ್ನು ಕಾಪಾಡಬೇಕಾದ ವೈದ್ಯರು ದೂರಿಗೆ ಬಹಿರಂಗವಾಗಿ ಉತ್ತರಿಸಲಾರರು. ಹುಡುಕಾಟದಲ್ಲಿ ಮೊದಲು ಕಾಣುವ ಹೆಸರುಗಳ ಪೈಕಿ ಕೆಲವು ಹಣ ಕೊಟ್ಟು ಹಾಕಿಸಿದ ಜಾಹೀರಾತುಗಳು ಎಂಬುದೂ ನೆನಪಿರಲಿ.

ಬೇರುಸಹಿತ ಗುಣಪಡಿಸುತ್ತೇವೆ ಎನ್ನುವವರ ವಿಷಯದಲ್ಲಿ ನನ್ನ ಅಭಿಪ್ರಾಯ ಕಟುವಾಗಿದೆ. ಈ ಕಾಯಿಲೆಯನ್ನು ಹತೋಟಿಗೆ ತರಬಹುದು. ಎಷ್ಟೋ ಜನರಲ್ಲಿ ನೋವು, ಊತ ಎರಡೂ ಇಲ್ಲವೆನ್ನುವಷ್ಟರ ಮಟ್ಟಿಗೆ ಇಳಿಯುತ್ತವೆ. ಶಾಶ್ವತವಾಗಿ ವಾಸಿಮಾಡುವ ಚಿಕಿತ್ಸೆ ಇನ್ನೂ ಇಲ್ಲ. ಇರುವ ಔಷಧವನ್ನು ನಿಲ್ಲಿಸಿ ಬನ್ನಿ ಎಂದು ಕರೆಯುವವರು ರೋಗಿಯ ಕೀಲುಗಳನ್ನು ಪಣಕ್ಕಿಡುತ್ತಿದ್ದಾರೆ.

ವಿಡಿಯೊ ಕರೆಯ ಮೂಲಕ ಎರಡನೆಯ ಅಭಿಪ್ರಾಯ ಪಡೆಯಬಹುದೇ ಎಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ವರದಿಗಳನ್ನು ತೋರಿಸಿ ಚರ್ಚಿಸಲು ಅದು ಸಾಕಾಗಬಹುದು. ಆದರೆ ಯಾವ ಕೀಲಿನಲ್ಲಿ ಊತವಿದೆ ಎಂಬುದನ್ನು ಬೆರಳಿನಿಂದ ಒತ್ತಿ ನೋಡಿಯೇ ತಿಳಿಯಬೇಕು; ಮೊದಲ ಭೇಟಿಯಾದರೂ ಎದುರೆದುರೇ ಆಗಲಿ.

ಉತ್ತರ 4 (ಇದೇ ಕಾಯಿಲೆ ಇರುವವರು)

ನಾನೂ ಇದೇ ಮಾತ್ರೆಯನ್ನು ವರ್ಷಗಳಿಂದ ತೆಗೆದುಕೊಳ್ಳುತ್ತಿದ್ದೇನೆ. ನಿಮ್ಮ ತಾಯಿಯವರ ಅಂಜಿಕೆ ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಅವರ ಬದಲು ನೀವೇ ಓದಿ ತೀರ್ಮಾನಿಸುವುದಕ್ಕಿಂತ, ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದೇ ಒಂದು ಒಳ್ಳೆಯ ಪುಟವನ್ನು ಅವರಿಗೆ ತಿಳಿಯುವ ಮಾತಿನಲ್ಲಿ ನಿಧಾನವಾಗಿ ವಿವರಿಸಿ. ಮೂಡುವ ಪ್ರಶ್ನೆಗಳನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಯಕೃತ್ತಿನ ಪರೀಕ್ಷೆ ಎಷ್ಟು ದಿನಗಳಿಗೊಮ್ಮೆ ಆಗಬೇಕು, ಜೊತೆಗೆ ಕೊಡುವ ಫೋಲಿಕ್ ಆಮ್ಲವನ್ನು ಯಾವ ದಿನ ತೆಗೆದುಕೊಳ್ಳಬೇಕು, ಜ್ವರ ಬಂದರೆ ಆ ವಾರದ ಮಾತ್ರೆಯನ್ನು ಬಿಡಬೇಕೇ, ಇಂಥವನ್ನೆಲ್ಲ ಆ ಹಾಳೆ ನೋಡಿಕೊಂಡು ಕೇಳಿ. ಪ್ರಶ್ನೆಗಳಿಗೆ ಬೇಸರಿಸದೆ ಉತ್ತರಿಸುವ ವೈದ್ಯರು ಸಿಕ್ಕರೆ ಅವರನ್ನು ಬಿಡಬೇಡಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು. ಪ್ರಮಾಣದ ವ್ಯತ್ಯಾಸವನ್ನು ವಿವರಿಸಿದ ಮೇಲೆ ತಾಯಿಯವರು, ವೈದ್ಯರನ್ನು ಮತ್ತೊಮ್ಮೆ ಕಂಡು ಮಾತನಾಡಿ ಮಾತ್ರೆ ಶುರುಮಾಡಲು ಒಪ್ಪಿದ್ದಾರೆ. ಇನ್ನೊಂದು ಸಂದೇಹವಿದೆ. ಅವರಿಗೆ ಆಗಾಗ ಮೂತ್ರದ ಸೋಂಕು ಆಗುತ್ತಿರುತ್ತದೆ. ಈ ಮಾತ್ರೆಯ ಜೊತೆ ಬೇರೆ ಔಷಧಗಳು ಹೊಂದುತ್ತವೆಯೇ ಎಂಬುದನ್ನು ಕೃತಕ ಬುದ್ಧಿಮತ್ತೆಯ ಚಾಟ್‌ಬಾಟ್‌ಗಳನ್ನು ಕೇಳಿ ತಿಳಿದುಕೊಳ್ಳಬಹುದೇ?

ಉತ್ತರ 3 (ವೈದ್ಯರು)

ಕಠಿಣ ಪದಗಳ ಅರ್ಥ ತಿಳಿಯಲು, ವೈದ್ಯರಿಗೆ ಕೇಳಬೇಕಾದ ಪ್ರಶ್ನೆಗಳನ್ನು ಜೋಡಿಸಿಕೊಳ್ಳಲು ಅವು ನೆರವಾಗುತ್ತವೆ. ಆದರೆ ಇಲ್ಲದ ಪ್ರಬಂಧವನ್ನು ಇದೆಯೆಂದು ಹೇಳುವುದೂ, ತಪ್ಪನ್ನು ಸರಿಯಷ್ಟೇ ದೃಢವಾಗಿ ಹೇಳುವುದೂ ಅವುಗಳಲ್ಲಿ ಕಂಡುಬಂದಿದೆ. ಆದ್ದರಿಂದ ಔಷಧದ ಪ್ರಮಾಣ ಮತ್ತು ಔಷಧಗಳ ಹೊಂದಾಣಿಕೆಯನ್ನು ಅವುಗಳಿಗೆ ಒಪ್ಪಿಸಬೇಡಿ.

ನೀವು ಮೂತ್ರದ ಸೋಂಕಿನ ಬಗ್ಗೆ ಹೇಳಿದ್ದು ಒಳ್ಳೆಯದಾಯಿತು. ಆ ಸೋಂಕಿಗೆ ಬಹಳವಾಗಿ ಬಳಸುವ ಟ್ರೈಮೆಥೊಪ್ರಿಮ್, ಅಂದರೆ ಕೋ-ಟ್ರೈಮೊಕ್ಸಜೋಲ್ ಎಂಬ ಜಂಟಿ ಮಾತ್ರೆಯಲ್ಲೂ ಇರುವ ಔಷಧ, ಮೆಥೊಟ್ರೆಕ್ಸೇಟ್ ಜೊತೆ ಸೇರಿದರೆ ಅಸ್ಥಿಮಜ್ಜೆಯಲ್ಲಿ ರಕ್ತಕಣಗಳ ಉತ್ಪತ್ತಿ ಅಪಾಯಕಾರಿ ಮಟ್ಟಕ್ಕೆ ಕುಸಿಯಬಹುದು. ಸೋಂಕಿಗೆ ಬೇರೆ ಔಷಧಗಳಿವೆ. ಹಿಂದಿನ ಚೀಟಿಯನ್ನು ತೋರಿಸಿ ಅಂಗಡಿಯಿಂದ ಆ ಮಾತ್ರೆಯನ್ನು ತರುವ ರೂಢಿ ಮನೆಯಲ್ಲಿದ್ದರೆ ಇಂದೇ ನಿಲ್ಲಿಸಿ. ತಾಯಿಯವರು ತೆಗೆದುಕೊಳ್ಳುವ ಎಲ್ಲ ಔಷಧಗಳ ಪಟ್ಟಿಯನ್ನು, ‘ಮೆಥೊಟ್ರೆಕ್ಸೇಟ್, ವಾರಕ್ಕೊಮ್ಮೆ’ ಎಂಬುದನ್ನು ಮೊದಲ ಸಾಲಿನಲ್ಲಿ ಬರೆದು, ಯಾವ ವೈದ್ಯರ ಬಳಿ ಹೋದರೂ ಔಷಧ ಬರೆಸಿಕೊಳ್ಳುವ ಮೊದಲೇ ತೋರಿಸಿ.