ಸಹಾಯ ಬೇಕು: ಕಬ್ಬನ್ ಮನೆತನದ ಮೂಲ ಊರು ಹುಡುಕುವುದು ಹೇಗೆ?

ಕಬ್ಬನ್ ಅನ್ನುವ ಸರ್‌ನೇಮ್ ಎಲ್ಲೆಲ್ಲಿ ಹರಡಿತು ಅಂತ ಹುಡುಕುತ್ತಿದ್ದೇನೆ. ಹೌದು, ನಮ್ಮ ಕಬ್ಬನ್ ಪಾರ್ಕಿನ ಹೆಸರೇ. ಮೈಸೂರಿನ ಬ್ರಿಟಿಷ್ ಕಮಿಷನರ್ ಆಗಿದ್ದು 1861ರಲ್ಲಿ ತೀರಿಕೊಂಡ ಮಾರ್ಕ್ ಕಬ್ಬನ್ ಐಲ್ ಆಫ್ ಮ್ಯಾನ್ ದ್ವೀಪದವರು. ಹೆಸರು ತುಂಬಾ ಅಪರೂಪ. ಅಲ್ಲಿಂದ ಎಷ್ಟೋ ಜನ ಕೆಲಸಕ್ಕಾಗಿ ಎದುರಿಗಿರುವ ಇಂಗ್ಲೆಂಡಿನ ಲಿವರ್‌ಪೂಲಿಗೆ ಹೋದರು, ಅಲ್ವಾ? ಅಂಥದ್ದೊಂದು ಕಬ್ಬನ್ ಕುಟುಂಬದಲ್ಲೇ ಸಿಕ್ಕಿಕೊಂಡಿದ್ದೇನೆ.

ಲಿವರ್‌ಪೂಲಿನ 1851ರ ಜನಗಣತಿ ಹಾಳೆಯಲ್ಲಿ ಹುಟ್ಟಿದ ಜಾಗ ಬರೀ ‘ಐಲ್ ಆಫ್ ಮ್ಯಾನ್’ ಅಂತಿದೆ. ಆದರೆ ದ್ವೀಪದಲ್ಲಿ ಆಗ 17 ಪ್ಯಾರಿಷ್‌ಗಳಿದ್ದವು (ಅಂದರೆ ಒಂದೊಂದು ಚರ್ಚಿಗೆ ಸೇರಿದ ಪ್ರದೇಶಗಳು)! ಇಂಗ್ಲೆಂಡಿನಲ್ಲಿ ಜನನ ನೋಂದಣಿ 1837ಕ್ಕೇ ಶುರುವಾಯಿತು, ದ್ವೀಪದಲ್ಲಿ ಕಡ್ಡಾಯವಾಗಿದ್ದು 1878ರಲ್ಲಿ. ಲಿವರ್‌ಪೂಲಿನ ಮದುವೆ ದಾಖಲೆಯಲ್ಲಿ ತಂದೆಯ ಹೆಸರು, ಕಸುಬು ಇದೆ, ಊರಿಲ್ಲ. ಚರ್ಚಿನ ದೀಕ್ಷಾಸ್ನಾನದ ಪಟ್ಟಿಗಳಲ್ಲಿ ಜಾನ್ ಕಬ್ಬನ್‌ಗಳು ಒಬ್ಬರಿಗಿಂತ ಜಾಸ್ತಿ ಇದ್ದಾರೆ. ನಮಗೆ ಬೇಕಾದವರು ಯಾರು ಅಂತ ತಿಳಿಯುತ್ತಿಲ್ಲ.

ತಂದೆಯ ಹೆಸರಿನ ಜೊತೆ ಪ್ಯಾರಿಷ್ ಕೂಡ ಸಿಗಬೇಕೆಂದರೆ ದ್ವೀಪದ ಹಳೆಯ ಉಯಿಲುಗಳನ್ನು ಮೊದಲು ನೋಡಲಾ, ಜಮೀನು ಪತ್ರಗಳನ್ನಾ?